ರೆಡಿಸ್ಸೋ ವಾಲ್ಕಿಯೋ? ಜಗಳವಾಡಿ ಬೇರೆಯಾದ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳಲ್ಲಿ ಯಾವುದನ್ನು ಆರಿಸುವುದು

ಕ್ಯಾಶ್‌ಗೆ (ಪದೇಪದೇ ಬೇಕಾಗುವ ಡೇಟಾವನ್ನು ಬೇಗ ಸಿಗುವ ಹಾಗೆ ಇಡುವ ಜಾಗ) ಏನು ಹಾಕೋಣ ಅಂತ ಹುಡುಕಿದರೆ ರೆಡಿಸ್ ಸಿಗುತ್ತದೆ, ಪಕ್ಕದಲ್ಲೇ ವಾಲ್ಕಿ. ಆಫೀಸಿನ ಕಾಗದಪತ್ರಕ್ಕೆ ಹುಡುಕಿದರೆ ಲಿಬ್ರೆಆಫೀಸ್, ಪಕ್ಕದಲ್ಲೇ ಓಪನ್‌ಆಫೀಸ್. ಸರ್ವರ್ ಎಬ್ಬಿಸುವ ಟೆರಾಫಾರ್ಮ್ ಪಕ್ಕ ಓಪನ್‌ಟೋಫು, ಕೋಡ್ ಇಡುವ ಗಿಟೀ ಪಕ್ಕ ಫೋರ್ಜೇಯೊ, ಸರ್ವರ್‌ಗೆ ಹಾಕುವ ಲಿನಕ್ಸ್‌ಗಳಲ್ಲಿ ರಾಕಿ ಪಕ್ಕ ಆಲ್ಮಾ. ಫೀಚರ್ ಪಟ್ಟಿ ಮುಂದಿಟ್ಟುಕೊಂಡು ಟಿಕ್ ಹಾಕುತ್ತಾ ಹೋದರೆ ಎರಡೂ ಕಾಲಂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಕಾಣಲೇಬೇಕು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ಒಂದೇ ಕೋಡ್ ಎರಡಾಗಿದೆ, ನಡುವೆ ಗೋಡೆ ಎದ್ದಿದೆ. ಓಪನ್ ಸೋರ್ಸ್ ಕೋಡನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದು. ಹಾಗೆ ಇದ್ದ ಕೋಡನ್ನೇ ತೆಗೆದುಕೊಂಡು ಬೇರೆ ಮನೆ ಮಾಡುವುದಕ್ಕೆ ಫೋರ್ಕ್ ಅನ್ನುತ್ತಾರೆ.

ಹಾಗಾಗಿ ಇಲ್ಲಿ ಫೀಚರ್ ಹೋಲಿಕೆ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಬೇರೆಯಾದಾಗ ಯಾರಿಗೆ ಏನು ಹೋಯಿತು ಅಂತ ಕೇಳಬೇಕು. ಹೆಸರು ಯಾರ ಹತ್ತಿರ ಉಳಿಯಿತು? ಲೈಸೆನ್ಸ್ ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ? ಕೋಡ್ ಬರೆಯುತ್ತಿದ್ದ ಜನ ಯಾವ ಕಡೆ ಹೋದರು? ನನ್ನ ಲೆಕ್ಕದಲ್ಲಿ ಜನಕ್ಕೆ ಮೊದಲ ಜಾಗ, ಲೈಸೆನ್ಸ್ ಅಧಿಕಾರಕ್ಕೆ ಎರಡನೆಯದು, ಹೆಸರಿಗೆ ಕೊನೆಯದು. ಆದರೆ ನಮ್ಮಲ್ಲಿ ಹೆಚ್ಚಿನವರು ಆರಿಸುವುದು ಹೆಸರು ನೋಡಿಯೇ.

ಲಿಬ್ರೆಆಫೀಸ್ ಮತ್ತು ಓಪನ್‌ಆಫೀಸ್

ಇದು ಸುಲಭದ್ದು, ಬೇಗ ಮುಗಿಸೋಣ. 2010ರ ಆರಂಭದಲ್ಲಿ ಒರಾಕಲ್ ಕಂಪನಿ ಸನ್ ಅನ್ನು ಕೊಂಡುಕೊಂಡಿತು, ಅದರ ಜೊತೆ ಓಪನ್‌ಆಫೀಸ್ ಕೂಡ ಒರಾಕಲ್ ಕೈಗೆ ಹೋಯಿತು. ಅದೇ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಪ್ರಮುಖರು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿದರು. ಓಪನ್‌ಆಫೀಸ್ ಅನ್ನುವ ಹೆಸರನ್ನು ನಮಗೆ ಕೊಡಿ ಅಂತ ಒರಾಕಲ್‌ಗೆ ಕೇಳಿದರು. ಹೆಸರು ಸಿಗಲಿಲ್ಲ. ಉಲ್ಟಾ, ಕಮ್ಯುನಿಟಿ ಕೌನ್ಸಿಲ್‌ನಲ್ಲಿ ಇನ್ನೂ ಕೂತಿದ್ದ ಅವರನ್ನು ಜಾಗ ಬಿಟ್ಟುಕೊಡಿ ಎಂದರು. ಕೊನೆಗೆ 2011ರ ಜೂನ್‌ನಲ್ಲಿ ಒರಾಕಲ್ ಆ ಕೋಡನ್ನೂ ಹೆಸರನ್ನೂ ಅಪಾಚೆ ಫೌಂಡೇಶನ್‌ಗೆ ಕೊಟ್ಟು ಕೈತೊಳೆದುಕೊಂಡಿತು. ಅಷ್ಟು ಹೊತ್ತಿಗೆ ಕೆಲಸ ಮಾಡುವ ಜನ ಲಿಬ್ರೆಆಫೀಸ್ ಕಡೆ ಹೋಗಿ ಆಗಿತ್ತು.

ಫಲಿತಾಂಶ ಕಣ್ಣೆದುರೇ ಇದೆ. ಓಪನ್‌ಆಫೀಸ್ 4.1 ಬಂದಿದ್ದು 2014ರಲ್ಲಿ. ಅಲ್ಲಿಂದೀಚೆಗೆ ಬರುತ್ತಿರುವುದು 4.1ರ ಸಣ್ಣಪುಟ್ಟ ದುರಸ್ತಿಗಳು. ವರ್ಡ್‌ನ ಡಾಕ್ಸ್ ಕಡತವನ್ನು ಅದರಲ್ಲಿ ತೆರೆಯಬಹುದು, ಅದೇ ರೂಪದಲ್ಲಿ ಉಳಿಸಲು ಆಗುವುದಿಲ್ಲ. ಲಿಬ್ರೆಆಫೀಸ್‌ನಲ್ಲಿ ಆಗುತ್ತದೆ. ಕನ್ನಡದವರಿಗೆ ಇನ್ನೊಂದು ಕಾರಣವಿದೆ: 2017ರ 5.3ರಿಂದ ಲಿಬ್ರೆಆಫೀಸ್ ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಎಂಜಿನ್ ಬಳಸುತ್ತದೆ. ಹಾಗಾಗಿ ಅದೇ ಫಾಂಟ್ ಇದ್ದರೆ ವಿಂಡೋಸ್‌ನಲ್ಲಿ ಸರಿ ಕಂಡ ಒತ್ತಕ್ಷರ ಲಿನಕ್ಸ್‌ಗೆ ಹೋದ ತಕ್ಷಣ ಚೆಲ್ಲಾಪಿಲ್ಲಿ ಆಗುವುದಿಲ್ಲ. ಆದರೆ ನುಡಿ ತಂತ್ರಾಂಶದ ಹಳೆ ಎನ್‌ಕೋಡಿಂಗ್‌ನಲ್ಲಿರುವ ಕಡತಗಳಿಗೆ ಇಬ್ಬರಿಂದಲೂ ಉಪಯೋಗವಿಲ್ಲ, ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಕಾಣುವುದು. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಲಿಬ್ರೆಆಫೀಸ್ ಮನೆಯಲ್ಲೂ ಜಗಳ ಇಲ್ಲದಿಲ್ಲ. 2020ರಲ್ಲಿ 7.0ರ ಪರೀಕ್ಷಾ ಆವೃತ್ತಿಯಲ್ಲಿ 'ಪರ್ಸನಲ್ ಎಡಿಷನ್' ಅನ್ನುವ ಹಣೆಪಟ್ಟಿ ಕಾಣಿಸಿಕೊಂಡಾಗ ದೊಡ್ಡ ಗಲಾಟೆಯಾಯಿತು, ಆಫೀಸುಗಳು ಇನ್ನು ದುಡ್ಡು ಕೊಡಬೇಕೇನೋ ಅಂತ ಜನ ಹೆದರಿದರು. ಆ ಹಣೆಪಟ್ಟಿಯನ್ನು ತೆಗೆದರು. ಅದೇ ವರ್ಷ ಕೊಲಾಬೊರಾ ಕಂಪನಿ ತನ್ನ ಆನ್‌ಲೈನ್ ಎಡಿಟರ್ ಕೆಲಸವನ್ನು ಫೌಂಡೇಶನ್‌ನಿಂದ ಹೊರಗೆ ಒಯ್ದಿತು. ಬ್ರೌಸರ್‌ನಲ್ಲೇ ಕಡತ ತಿದ್ದಬೇಕು ಅನ್ನುವವರು ಈಗ ಕೊಲಾಬೊರಾ ಆನ್‌ಲೈನ್ ನೋಡಬೇಕು. ಡೆಸ್ಕ್‌ಟಾಪ್ ಬಳಸುವವರಿಗೆ ಇದರಿಂದ ಏನೂ ಆಗಲಿಲ್ಲ.

ಲೈಸೆನ್ಸ್ ಬದಲಿಸೋಕೆ ಯಾರಿಗೆ ಆಗುತ್ತದೆ

ಮುಂದಿನ ಜೋಡಿಗಳಿಗೆ ಹೋಗುವ ಮುಂಚೆ ಇದು ಗೊತ್ತಿದ್ದರೆ ಒಳ್ಳೆಯದು. ಒಂದು ಕಂಪನಿ ಬೆಳಗ್ಗೆ ಎದ್ದು 'ನಾಳೆಯಿಂದ ಈ ಸಾಫ್ಟ್‌ವೇರ್ ಓಪನ್ ಸೋರ್ಸ್ ಅಲ್ಲ' ಅನ್ನಬೇಕಾದರೆ ಎರಡು ದಾರಿಗಳಿವೆ. ಒಂದು, ಕೋಡ್ ಬಿಎಸ್‌ಡಿ, ಎಂಐಟಿ ಥರದ ಸಡಿಲ ಲೈಸೆನ್ಸ್‌ನಲ್ಲಿರಬೇಕು, ಅಂಥದ್ದನ್ನು ಯಾರು ಬೇಕಾದರೂ ತಮ್ಮ ಮುಚ್ಚಿದ ಲೈಸೆನ್ಸ್‌ನೊಳಗೆ ಸೇರಿಸಿಕೊಳ್ಳಬಹುದು. ಎರಡು, ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳಿಸುವ ಪ್ರತಿಯೊಬ್ಬರಿಂದಲೂ ಮೊದಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿರಬೇಕು. ಅದಕ್ಕೆ ಸಿಎಲ್‌ಎ ಅನ್ನುತ್ತಾರೆ. ನೀವು ಬರೆದ ಕೋಡನ್ನು ಕಂಪನಿ ಯಾವ ಲೈಸೆನ್ಸ್‌ನಲ್ಲಾದರೂ ಕೊಡಬಹುದು ಅಂತ ಅದರೊಳಗೆ ಎಲ್ಲೋ ಒಂದು ಸಾಲು ಇರುತ್ತದೆ. ಯಾರೂ ಓದುವುದಿಲ್ಲ, ಓಕೆ ಒತ್ತುತ್ತಾರೆ.

ಈ ಎರಡೂ ಇಲ್ಲದ ಕಡೆ ಲೈಸೆನ್ಸ್ ಬದಲಿಸುವುದು ಆಗದ ಮಾತು. ಲಿನಕ್ಸ್ ಕರ್ನಲ್ (ಅದರ ತಿರುಳು) ಇರುವುದು ಜಿಪಿಎಲ್ 2ರಲ್ಲಿ, ಅಂದರೆ ಬದಲಿಸಿ ಹಂಚಿದರೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು, ಅದರ ಕೋಡಿಗೆ ಸಾವಿರಾರು ಜನ ಹಕ್ಕುದಾರರು, ಸಿಎಲ್‌ಎ ಇಲ್ಲ. ಅದನ್ನು ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ ಮನಸ್ಸು ಮಾಡಿದರೂ ಅದನ್ನು ಬದಲಿಸಲಾರರು. ಅಲ್ಲಿ ಪ್ಯಾಚ್ ಕಳಿಸುವವರು ಸೈನ್ಡ್-ಆಫ್-ಬೈ ಅಂತ ಒಂದು ಸಾಲು ಸೇರಿಸಿದರೆ ಸಾಕು, ಅದಕ್ಕೆ ಡಿಸಿಒ ಅನ್ನುತ್ತಾರೆ. ಲಿನಕ್ಸ್‌ನಲ್ಲಿ ನಮ್ಮ ಕೋಡ್ ಇದೆ ಅಂತ ಎಸ್‌ಸಿಒ ಕಂಪನಿ ಹೂಡಿದ ಮೊಕದ್ದಮೆಯ ಕಾಲದಲ್ಲಿ, 2004ರಲ್ಲಿ ಬಂದ ಪದ್ಧತಿ ಅದು. ಅದರಲ್ಲಿ ಹಕ್ಕು ಬಿಟ್ಟುಕೊಡುವ ಮಾತಿಲ್ಲ, 'ಇದನ್ನು ಕೊಡುವ ಅಧಿಕಾರ ನನಗಿದೆ' ಅನ್ನುವುದಷ್ಟೇ.

ಹಾಗಾಗಿ ಹೊಸ ಸಾಫ್ಟ್‌ವೇರ್ ನೋಡುವಾಗ ನಾನು ಮೊದಲು ತೆರೆಯುವುದು ಪ್ಯಾಚ್ ಕಳಿಸುವವರಿಗೆ ನಿಯಮ ಹೇಳುವ ಕಾಂಟ್ರಿಬ್ಯೂಟಿಂಗ್ ಕಡತ. ಸಿಎಲ್‌ಎ ಇದೆ, ಒಂದೇ ಕಂಪನಿ ಇದೆ, ಆ ಕಂಪನಿಗೆ ವೆಂಚರ್ ಹೂಡಿಕೆ ಬಂದಿದೆ: ಈ ಮೂರೂ ಒಟ್ಟಿಗೆ ಇದ್ದರೆ, ಇವತ್ತಿನ ಲೈಸೆನ್ಸ್ ಏನೇ ಹೇಳಲಿ, ಒಂದು ದಿನ ಬದಲಾಗಬಹುದು ಅಂತ ಲೆಕ್ಕ ಹಾಕಿಯೇ ಬಳಸುತ್ತೇನೆ. ಬಳಸಬಾರದು ಅಂತ ಅಲ್ಲ. ಹೊರಬರುವ ದಾರಿ ಗೊತ್ತಿರಬೇಕು.

ರೆಡಿಸ್ ಮತ್ತು ವಾಲ್ಕಿ

ಸಾಲ್ವತೋರೆ ಸಾನ್‌ಫಿಲಿಪ್ಪೊ ಅನ್ನುವ ಇಟಲಿಯ ಪ್ರೋಗ್ರಾಮರ್ 2009ರಲ್ಲಿ ರೆಡಿಸ್ ಬರೆದರು, 2020ರಲ್ಲಿ ಉಸ್ತುವಾರಿ ಬಿಟ್ಟರು. ರೆಡಿಸ್ ಲ್ಯಾಬ್ಸ್ ಅನ್ನುವ ಕಂಪನಿ 2021ರಲ್ಲಿ ತನ್ನ ಹೆಸರನ್ನೇ ರೆಡಿಸ್ ಅಂತ ಬದಲಿಸಿಕೊಂಡಿತು. 2024ರ ಮಾರ್ಚ್ 20ರಂದು ಬಿಎಸ್‌ಡಿ ಲೈಸೆನ್ಸ್ ಹೋಯಿತು, ಅದರ ಜಾಗಕ್ಕೆ ಬಂದ ಎರಡು ಲೈಸೆನ್ಸ್‌ಗಳಲ್ಲಿ ಒಂದನ್ನೂ, ಯಾವ ಲೈಸೆನ್ಸ್ ಓಪನ್ ಸೋರ್ಸ್ ಅಂತ ಹೇಳುವ ಸಂಸ್ಥೆಯಾದ ಓಪನ್ ಸೋರ್ಸ್ ಇನಿಶಿಯೇಟಿವ್ ಒಪ್ಪುವುದಿಲ್ಲ. ಎಂಟೇ ದಿನದಲ್ಲಿ ಲಿನಕ್ಸ್ ಫೌಂಡೇಶನ್ ವಾಲ್ಕಿಯನ್ನು ಘೋಷಿಸಿತು. ಬಿಎಸ್‌ಡಿಯಲ್ಲಿದ್ದ 7.2.4 ಅದರ ಆರಂಭ. ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲವಲ್ಲ, ಫೋರ್ಕ್ ಹುಟ್ಟುವುದೇ ಅಲ್ಲಿಂದ.

ಇಲ್ಲಿ ಜನ ಎಲ್ಲಿ ಹೋದರು ಅನ್ನುವುದು ಸ್ಪಷ್ಟ. ರೆಡಿಸ್ ಕಂಪನಿಯ ಸಂಬಳದಲ್ಲಿಲ್ಲದ ಮುಖ್ಯ ಕೋಡಿಗರು, ಅಂದರೆ ಅಮೆಜಾನ್, ಅಲಿಬಾಬಾ, ಗೂಗಲ್, ಎರಿಕ್ಸನ್, ಟೆನ್ಸೆಂಟ್‌ಗಳಲ್ಲಿ ಕೆಲಸ ಮಾಡುತ್ತಾ ರೆಡಿಸ್‌ಗೆ ಬರೆಯುತ್ತಿದ್ದವರು, ವಾಲ್ಕಿಯ ತಾಂತ್ರಿಕ ಸಮಿತಿಯಲ್ಲಿ ಕೂತರು. 'ಇದು ಬಡ ಕಮ್ಯುನಿಟಿ ಮತ್ತು ದುರಾಸೆಯ ಕಂಪನಿಯ ಕಥೆ' ಅಂತ ಯಾರಾದರೂ ಹೇಳಿದರೆ ಸ್ವಲ್ಪ ನಗು ಬರುತ್ತದೆ. ಈ ಕಡೆ ನಿಂತವರೂ ಜಗತ್ತಿನ ಅತಿ ದೊಡ್ಡ ಕಂಪನಿಗಳೇ, ರೆಡಿಸ್ ಕಂಪನಿಗೆ ಸಿಟ್ಟು ಬರಲು ಕಾರಣವೇ ಅವರು ರೆಡಿಸ್‌ನ್ನು ತಮ್ಮ ಕ್ಲೌಡ್‌ನಲ್ಲಿ ಬಾಡಿಗೆಗೆ ಕೊಟ್ಟು ದುಡಿಯುತ್ತಿದ್ದುದು. ಆದರೆ ನಮಗೆ ಬೇಕಾದ್ದು ನ್ಯಾಯ ಯಾರ ಕಡೆ ಅನ್ನುವುದಲ್ಲ. ಒಂದು ಕಂಪನಿಯ ಮನಸ್ಸು ಬದಲಾದರೆ ಎಲ್ಲ ಬದಲಾಗುವ ಕಡೆ ಇರುವುದೋ, ಐದಾರು ಪೈಪೋಟಿ ಕಂಪನಿಗಳು ಒಬ್ಬರನ್ನೊಬ್ಬರು ಕಾಯುವ ಕಡೆ ಇರುವುದೋ ಅಂತ ನೋಡಿದರೆ ಎರಡನೆಯದು ವಾಸಿ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 2024ರ ಕೊನೆಗೆ ಸಾಲ್ವತೋರೆ ರೆಡಿಸ್ ಕಂಪನಿಗೆ ವಾಪಸ್ ಬಂದರು, 2025ರ ಮೇ ತಿಂಗಳಲ್ಲಿ ರೆಡಿಸ್ 8ಕ್ಕೆ ಎಜಿಪಿಎಲ್ ಅನ್ನುವ ಮೂರನೆಯ ಆಯ್ಕೆ ಸೇರಿತು. ತಿದ್ದಿದ ಕೋಡನ್ನು ನೆಟ್‌ವರ್ಕ್ ಮೂಲಕ ಸೇವೆಯಾಗಿ ಕೊಟ್ಟರೂ ಅದನ್ನು ಬಳಕೆದಾರರಿಗೆ ತೆರೆದಿಡಬೇಕು ಅನ್ನುವ ಲೈಸೆನ್ಸ್ ಅದು. ಅಂದರೆ ರೆಡಿಸ್ ಮತ್ತೆ ಓಪನ್ ಸೋರ್ಸ್. ಹುಡುಕುವಿಕೆ, ಜೇಸನ್, ಟೈಮ್ ಸೀರೀಸ್ ಥರದ ಹಿಂದೆ ಬೇರೆ ಮಾಡ್ಯೂಲ್ ಆಗಿದ್ದವು ಈಗ ಒಳಗೇ ಇವೆ. ಸಾಲ್ವತೋರೆ ಬರೆದ ವೆಕ್ಟರ್ ಸೆಟ್ ಕೂಡ ಅಲ್ಲಿದೆ.

ಹಾಗಾದರೆ ಯಾವುದು? ಕ್ಯಾಶ್, ಸೆಷನ್, ಕ್ಯೂ ಇಷ್ಟೇ ಬೇಕು ಅಂದರೆ ವಾಲ್ಕಿ ಹಾಕಿ. ಫೆಡೋರಾ ಲಿನಕ್ಸ್ 41ರಲ್ಲಿ ರೆಡಿಸ್ ಜಾಗಕ್ಕೆ ಅದೇ ಬಂದಿದೆ. ಅಮೆಜಾನ್‌ನ ಬಾಡಿಗೆ ಕ್ಯಾಶ್ ಸೇವೆಯಾದ ಎಲಾಸ್ಟಿಕ್ಯಾಶ್‌ನಲ್ಲಿದ್ದರೆ ದುಡ್ಡಿನ ಲೆಕ್ಕವೇ ತೀರ್ಪು ಕೊಡುತ್ತದೆ: ವಾಲ್ಕಿ ಬಂದಾಗ ನೋಡ್ ಲೆಕ್ಕದಲ್ಲಿ ಶೇ. 20, ಸರ್ವರ್‌ಲೆಸ್‌ನಲ್ಲಿ ಶೇ. 33 ಕಡಿಮೆ ದರ ಇಟ್ಟರು. ಜೇಸನ್, ಹುಡುಕುವಿಕೆ, ವೆಕ್ಟರ್ ಇವುಗಳ ಮೇಲೆ ನಿಮ್ಮ ಅಪ್ಲಿಕೇಶನ್ ನಿಂತಿದ್ದರೆ ರೆಡಿಸ್ 8ರಲ್ಲೇ ಇರಿ. ಎಜಿಪಿಎಲ್ ಹೆಸರು ಕೇಳಿದ ಕೂಡಲೇ ಕೆಲವು ಕಂಪನಿಗಳ ಲೀಗಲ್ ವಿಭಾಗ ಬಾಗಿಲು ಹಾಕುತ್ತದೆ, ಗೂಗಲ್ ಒಳಗೆ ಅದಕ್ಕೆ ನಿಷೇಧವೇ ಇದೆ. ನಿಮ್ಮ ಕಂಪನಿಯಲ್ಲಿ ಮೊದಲೇ ಕೇಳಿಕೊಳ್ಳಿ. ರೆಡಿಸ್ ಕೋಡನ್ನೇ ತಿದ್ದದೆ ಸುಮ್ನೆ ಬಳಸುವವರಿಗೆ ಅದರಿಂದ ತಲೆನೋವು ಕಮ್ಮಿ.

ಒಂದು ಎಚ್ಚರಿಕೆ. ರೆಡಿಸ್ 7.2 ಅಥವಾ ಅದಕ್ಕೂ ಹಳೆಯದು ಬಳಸುತ್ತಿದ್ದರೆ ಅದು ಡೇಟಾ ಉಳಿಸಿಡುವ ಡಂಪ್ ಕಡತವನ್ನು ವಾಲ್ಕಿ ನೇರ ಓದುತ್ತದೆ. 7.4ಕ್ಕೆ ಏರಿಸಿಬಿಟ್ಟಿದ್ದರೆ ಓದುವುದಿಲ್ಲ, ಆಗ ಡೇಟಾವನ್ನು ಬೇರೆ ರೀತಿ ಸಾಗಿಸಬೇಕು. 'ಆಮೇಲೆ ನೋಡೋಣ' ಅಂತ ಅಪ್‌ಗ್ರೇಡ್ ಒತ್ತುವ ಮುಂಚೆ ಇದನ್ನು ನೆನಪಿಡಿ.

ಇದೇ ಕಥೆ ಗಿಟೀಯಲ್ಲೂ ಇದೆ. 2022ರ ಅಕ್ಟೋಬರ್‌ನಲ್ಲಿ ಗಿಟೀಯ ಡೊಮೈನ್ ಮತ್ತು ಟ್ರೇಡ್‌ಮಾರ್ಕ್ ಹೊಸದಾಗಿ ಹುಟ್ಟಿದ ಕಂಪನಿಯೊಂದಕ್ಕೆ ಹೋಗಿದೆ ಅಂತ ಗೊತ್ತಾಯಿತು, ಹಲವು ಕೋಡಿಗರು ಬಹಿರಂಗ ಪತ್ರ ಬರೆದರು, ಡಿಸೆಂಬರ್‌ನಲ್ಲಿ ಬರ್ಲಿನ್‌ನ ಕೋಡ್‌ಬರ್ಗ್ ಸಂಘದ ಆಸರೆಯಲ್ಲಿ ಫೋರ್ಜೇಯೊ ಬಂತು. ಮೊದಮೊದಲು ಎರಡೂ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದವು, 2024ರಲ್ಲಿ ಪೂರ್ತಿ ಬೇರೆಯಾದವು. ಗಿಟೀ 1.22ರವರೆಗೆ ಇದ್ದವರು ಫೋರ್ಜೇಯೊ 10ಕ್ಕೆ ನೇರ ಹೋಗಬಹುದಿತ್ತು. ಅದಕ್ಕಿಂತ ಹೊಸ ಗಿಟೀ ಹಾಕಿಕೊಂಡವರಿಗೆ ಆ ದಾರಿ ಮುಚ್ಚಿದೆ. ಫೋರ್ಕ್ ಆದ ಮೊದಲ ಒಂದು ವರ್ಷ ಯಾವ ಕಡೆ ಹೋಗುವುದೂ ಸುಲಭ, ಆಮೇಲೆ ದಿನದಿಂದ ದಿನಕ್ಕೆ ಕಷ್ಟ. ಹೊಸ ಸರ್ವರ್ ಆದರೆ ನಾನು ಫೋರ್ಜೇಯೊ ಹಾಕುತ್ತೇನೆ.

ಟೆರಾಫಾರ್ಮ್ ಮತ್ತು ಓಪನ್‌ಟೋಫು

ಇಲ್ಲಿ ನನ್ನ ಅಭಿಪ್ರಾಯ ಅಷ್ಟು ಖಡಕ್ ಇಲ್ಲ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ ಟೆರಾಫಾರ್ಮನ್ನು ಓಪನ್ ಸೋರ್ಸ್ ಲೈಸೆನ್ಸ್ ಆದ ಎಂಪಿಎಲ್‌ನಿಂದ ಓಪನ್ ಸೋರ್ಸ್ ಅಲ್ಲದ ಬಿಎಸ್ಎಲ್‌ಗೆ ಬದಲಿಸಿತು. ಸಿಎಲ್‌ಎ ಇತ್ತು, ಕೈ ಕಟ್ಟಿರಲಿಲ್ಲ. ಮುಂದಿನ ತಿಂಗಳೇ ಓಪನ್‌ಟೋಫು ಲಿನಕ್ಸ್ ಫೌಂಡೇಶನ್ ಸೇರಿತು. ಈ ನಡುವೆ ಐಬಿಎಂ 640 ಕೋಟಿ ಡಾಲರ್‌ಗೆ ಹ್ಯಾಶಿಕಾರ್ಪ್ ಅನ್ನೇ ಕೊಂಡಿತು, ಆ ವ್ಯವಹಾರ 2025ರ ಫೆಬ್ರುವರಿಯಲ್ಲಿ ಮುಗಿಯಿತು.

ಬಿಎಸ್ಎಲ್ ತಡೆಯುವುದು ಹ್ಯಾಶಿಕಾರ್ಪ್‌ಗೆ ಪೈಪೋಟಿಯಾಗಿ ಟೆರಾಫಾರ್ಮ್ ಸೇವೆ ಮಾರುವವರನ್ನು. ನಿಮ್ಮ ಕಂಪನಿಯ ಸರ್ವರ್ ಎಬ್ಬಿಸಲು ಬಳಸುವವರಿಗೆ ಅದರಿಂದ ಅಡ್ಡಿಯಿಲ್ಲ, ನಾಲ್ಕು ವರ್ಷ ಕಳೆದ ಮೇಲೆ ಆಯಾ ಆವೃತ್ತಿ ಮತ್ತೆ ಎಂಪಿಎಲ್ ಆಗುತ್ತದೆ. ಹಾಗಾಗಿ ಈಗಾಗಲೇ ಟೆರಾಫಾರ್ಮ್‌ನ ದುಡ್ಡು ಕೊಡುವ ಸೇವೆಯಲ್ಲಿದ್ದು ಎಲ್ಲ ಚೆನ್ನಾಗಿ ನಡೆಯುತ್ತಿದ್ದರೆ ಸಿದ್ಧಾಂತಕ್ಕೋಸ್ಕರ ಬದಲಿಸುವ ಅವಸರ ಬೇಡ.

ಹೊಸದಾಗಿ ಶುರು ಮಾಡುವವರಿಗೆ ಓಪನ್‌ಟೋಫು ಹೇಳುತ್ತೇನೆ, ಅದಕ್ಕೆ ಒಂದು ಗಟ್ಟಿ ಕಾರಣವಿದೆ. ಏನೇನು ಎಬ್ಬಿಸಿದೆ ಅಂತ ಟೆರಾಫಾರ್ಮ್ ಬರೆದಿಡುವ ಸ್ಟೇಟ್ ಕಡತವನ್ನು ಒಮ್ಮೆ ಎಡಿಟರ್‌ನಲ್ಲಿ ತೆರೆದು ಪಾಸ್‌ವರ್ಡ್ ಅಂತ ಹುಡುಕಿ ನೋಡಿ. ಅದರ ಮೂಲಕ ಎಬ್ಬಿಸಿದ ಡೇಟಾಬೇಸ್‌ನ ಪಾಸ್‌ವರ್ಡ್ ಸಾಮಾನ್ಯವಾಗಿ ಅಲ್ಲಿ ಬೆತ್ತಲೆ ಕೂತಿರುತ್ತದೆ, ಕೋಟ್ ಚಿಹ್ನೆಗಳ ನಡುವೆ, ಯಾರು ಬೇಕಾದರೂ ಓದುವ ಹಾಗೆ. ಅದನ್ನು ಕೋಡ್ ಹಂಚಿಕೊಳ್ಳುವ ಗಿಟ್‌ಗೆ ಹಾಕಿದವರೂ ಇದ್ದಾರೆ. ಈ ಕಡತಕ್ಕೆ ಎನ್‌ಕ್ರಿಪ್ಷನ್ ಕೊಡಿ ಅಂತ ಬಳಕೆದಾರರು ವರ್ಷಗಟ್ಟಲೆ ಕೇಳಿದ್ದರು. ಓಪನ್‌ಟೋಫು 2024ರಲ್ಲಿ 1.7ರಲ್ಲಿ ಕೊಟ್ಟಿತು. ಕೇಳಿದ್ದು ಯಾವ ಕಡೆ ಬೇಗ ಸಿಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ.

ಪ್ಯಾಚ್ ಬರೆಯುವವರಿಗೆ ಒಂದು ಮಾತು. 2024ರ ಏಪ್ರಿಲ್‌ನಲ್ಲಿ ಹ್ಯಾಶಿಕಾರ್ಪ್‌ನ ವಕೀಲರು ನಮ್ಮ ಹೊಸ ಕೋಡನ್ನು ಕದ್ದಿದ್ದೀರಿ ಅಂತ ಓಪನ್‌ಟೋಫುಗೆ ಪತ್ರ ಬರೆದರು, ಇವರು ಹಳೆ ಎಂಪಿಎಲ್ ಕೋಡಿನಿಂದಲೇ ಬಂದದ್ದು ಅಂತ ವಿವರವಾಗಿ ತೋರಿಸಿ ಉತ್ತರ ಕೊಟ್ಟರು. ಬೇರೆಯಾದ ಮನೆಗಳ ನಡುವೆ ಕೋಡ್ ಕಾಪಿ ಮಾಡಬೇಡಿ, ಆ ಕಡೆಯ ರಿಪೊ (ಕೋಡ್ ಇಟ್ಟಿರುವ ಜಾಗ) ತೆರೆದಿಟ್ಟುಕೊಂಡು ಈ ಕಡೆ ಬರೆಯಲೂಬೇಡಿ.

ರಾಕಿ ಮತ್ತು ಆಲ್ಮಾ

2020ರ ಡಿಸೆಂಬರ್ 8. ರೆಡ್‌ಹ್ಯಾಟ್ ಕಂಪನಿ ಮಾರುವ ಲಿನಕ್ಸ್‌ನ ಉಚಿತ ಪಡಿಯಚ್ಚಾದ ಸೆಂಟ್‌ಒಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ ಅಂತ ನಂಬಿದ್ದವರಿಗೆ, ಇಲ್ಲ, 2021ರ ಕೊನೆಗೇ ಮುಗಿಯುತ್ತದೆ ಅಂತ ರೆಡ್‌ಹ್ಯಾಟ್ ಹೇಳಿದ ದಿನ. ನನಗೆ ಪರಿಚಯದ ಒಂದು ಸಣ್ಣ ಕಂಪನಿ ಆಗಷ್ಟೇ ಎಲ್ಲ ಸರ್ವರ್‌ಗಳನ್ನೂ 7ರಿಂದ 8ಕ್ಕೆ ತಂದು ಉಸ್ಸಪ್ಪಾ ಅಂದಿತ್ತು. 7ಕ್ಕೆ 2024ರವರೆಗೆ ಆಯುಸ್ಸು ಇತ್ತು. ಶಿಸ್ತಾಗಿ ಅಪ್‌ಗ್ರೇಡ್ ಮಾಡಿದವರಿಗೇ ಏಟು ಬಿದ್ದದ್ದು, ಸೋಮಾರಿಗಳು ಬಚಾವಾದರು.

ಸೆಂಟ್‌ಒಎಸ್ ಶುರು ಮಾಡಿದವರಲ್ಲಿ ಒಬ್ಬರಾದ ಗ್ರೆಗರಿ ಕುರ್ಟ್ಜರ್ ರಾಕಿ ಲಿನಕ್ಸ್ ಘೋಷಿಸಿದರು, ಕ್ಲೌಡ್‌ಲಿನಕ್ಸ್ ಕಂಪನಿ ಆಲ್ಮಾಗೆ ಆಸರೆಯಾಯಿತು. ಎರಡು ವರ್ಷ ಎರಡೂ ಒಂದೇ ಥರ ಇದ್ದವು. 2023ರ ಜೂನ್‌ನಲ್ಲಿ ರೆಡ್‌ಹ್ಯಾಟ್ ತನ್ನ ಸೋರ್ಸ್ ಕೋಡನ್ನು ಗ್ರಾಹಕರಿಗಷ್ಟೇ ಸೀಮಿತ ಮಾಡಿದಾಗ ದಾರಿ ಬೇರೆಯಾಯಿತು. ಕಂಟೈನರ್ ಇಮೇಜ್, ಕ್ಲೌಡ್ ಇನ್‌ಸ್ಟನ್ಸ್ ಮುಂತಾದ ಕಡೆಗಳಿಂದ ಕೋಡ್ ತಂದು ರಾಕಿ ಪಡಿಯಚ್ಚಾಗಿಯೇ ಉಳಿಯಲು ನೋಡುತ್ತದೆ. ಪಡಿಯಚ್ಚು ಬೇಡ, ರೆಡ್‌ಹ್ಯಾಟ್‌ನಲ್ಲಿ ಓಡುವ ಪ್ರೋಗ್ರಾಂ ನಮ್ಮಲ್ಲೂ ಓಡಿದರೆ ಸಾಕು ಅಂತ ಆಲ್ಮಾ ನಿರ್ಧರಿಸಿತು. ರೆಡ್‌ಹ್ಯಾಟ್ 10 ಹಳೆಯ ಪ್ರೊಸೆಸರ್‌ಗಳನ್ನು ಕೈಬಿಟ್ಟಾಗ ಆಲ್ಮಾ 10 ಅವುಗಳಿಗೂ ಬೇರೆ ಬಿಲ್ಡ್ ಕೊಟ್ಟಿದ್ದು ಈ ಸ್ವಾತಂತ್ರ್ಯದಿಂದಲೇ.

ನೀವು ಕೊಂಡ ಸಾಫ್ಟ್‌ವೇರ್‌ನವರು 'ರೆಡ್‌ಹ್ಯಾಟ್‌ನ ಪಡಿಯಚ್ಚೇ ಬೇಕು' ಅಂತ ಹಟ ಹಿಡಿದರೆ ರಾಕಿ. ಹಳೆ ಸರ್ವರ್‌ಗಳಿದ್ದರೆ ಆಲ್ಮಾ. ಎರಡೂ ಅಲ್ಲದಿದ್ದರೆ, ರೆಡ್‌ಹ್ಯಾಟ್ ನೆರಳೇ ಬೇಡ ಅನ್ನಿಸಿದರೆ ಡೆಬಿಯನ್ ಇದೆ. ಅಲ್ಲಿ ಕಂಪನಿಯೇ ಇಲ್ಲ, ಡೆವಲಪರ್‌ಗಳು ಪ್ರತಿ ವರ್ಷ ವೋಟು ಹಾಕಿ ನಾಯಕರನ್ನು ಆರಿಸುತ್ತಾರೆ. ಜಗಳ ಅಲ್ಲೂ ಆಗುತ್ತದೆ. 2014ರಲ್ಲಿ, ಯಂತ್ರ ಶುರುವಾದಾಗ ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ವಿಷಯಕ್ಕೆ ತಾಂತ್ರಿಕ ಸಮಿತಿಯಲ್ಲಿ ಸಮಬಲವಾಗಿ ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು, ಸೋತವರಲ್ಲಿ ಕೆಲವರು ಡೆವುವಾನ್ ಅಂತ ಬೇರೆ ಮನೆ ಮಾಡಿದರು. ಆದರೆ ಎಲ್ಲ ನಡೆದದ್ದು ಎಲ್ಲರೆದುರು, ಬರೆದಿಟ್ಟ ನಿಯಮದ ಪ್ರಕಾರ. ಬಳಸುವವರಿಗೆ ರಾತ್ರೋರಾತ್ರಿ ಏಟು ಬೀಳಲಿಲ್ಲ.

ಡೇಟಾಬೇಸ್: ಮೈಎಸ್‌ಕ್ಯೂಎಲ್, ಮರಿಯಾಡಿಬಿ, ಪೋಸ್ಟ್‌ಗ್ರೆಸ್

ಮೈಕೆಲ್ ವಿಡೆನಿಯಸ್ ತಮ್ಮ ದೊಡ್ಡ ಮಗಳು ಮೈ ಹೆಸರಿನಲ್ಲಿ ಮೈಎಸ್‌ಕ್ಯೂಎಲ್ ಮಾಡಿದರು. 2008ರಲ್ಲಿ ಸನ್ ಅದನ್ನು 100 ಕೋಟಿ ಡಾಲರ್‌ಗೆ ಕೊಂಡಿತು. ಸನ್ ಒರಾಕಲ್ ಪಾಲಾಗುತ್ತದೆ ಅಂದಾಗ, 2009ರಲ್ಲಿ, ಚಿಕ್ಕ ಮಗಳು ಮರಿಯಾ ಹೆಸರಿನಲ್ಲಿ ಫೋರ್ಕ್ ಮಾಡಿದರು. ಕೇಳಲು ಚೆನ್ನಾಗಿದೆ. ಆದರೆ ಮರಿಯಾಡಿಬಿ ಕಂಪನಿ 2022ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋಗಿ ನೆಲಕಚ್ಚಿ, 2024ರಲ್ಲಿ ಖಾಸಗಿ ಹೂಡಿಕೆದಾರರ ಕೈ ಸೇರಿತು. ಫೋರ್ಕ್ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಕೋಡು ಜಿಪಿಎಲ್ ಇದೆ, ಬೇರೆ ಫೌಂಡೇಶನ್ ಇದೆ, ಅದೇ ಸಮಾಧಾನ.

ಆಯ್ಕೆ ನನ್ನ ಕೈಯಲ್ಲಿದ್ದರೆ ಪೋಸ್ಟ್‌ಗ್ರೆಸ್. ಕಾರಣ ಒಂದು ಘಟನೆಯಲ್ಲಿದೆ. 2020ರಲ್ಲಿ ಎಂಟರ್‌ಪ್ರೈಸ್‌ಡಿಬಿ ಕಂಪನಿ ಸೆಕೆಂಡ್‌ಕ್ವಾಡ್ರಂಟ್ ಕಂಪನಿಯನ್ನು ಕೊಂಡಿತು. ಎರಡು ಕಂಪನಿಯ ಜನರೂ ಪೋಸ್ಟ್‌ಗ್ರೆಸ್‌ನ ಕೋರ್ ತಂಡದಲ್ಲಿದ್ದುದರಿಂದ ತಂಡದ ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಕಂಪನಿಯವರಾದರು. ಅರ್ಧಕ್ಕಿಂತ ಹೆಚ್ಚು ಒಂದು ಕಂಪನಿಯವರು ಇರಬಾರದು ಅನ್ನುವುದು ಅಲ್ಲಿ ಎಂದೂ ಬರೆದಿಡದ ನಿಯಮ. ಬರೆದಿಡದಿದ್ದರೂ ಪಾಲಿಸಿದರು, ಹೊರಗಿನ ಇಬ್ಬರನ್ನು ಸೇರಿಸಿಕೊಂಡು ಲೆಕ್ಕ ಸರಿ ಮಾಡಿದರು. ಲೈಸೆನ್ಸ್ ಸಡಿಲವೇ, ಯಾರು ಬೇಕಾದರೂ ಕೊಂಡುಹೋಗಿ ಮುಚ್ಚಿಕೊಳ್ಳಬಹುದು. ಹಾಗಿದ್ದೂ ಯಾವ ಕಂಪನಿಯೂ ಅದನ್ನು ನುಂಗಲಾಗಿಲ್ಲ.

ಹಾಗೆ ಸೇರಿದ ಇಬ್ಬರಲ್ಲಿ ಒಬ್ಬರು ಆಂಡ್ರೆಸ್ ಫ್ರಾಯ್ಂಡ್. 2024ರ ಮಾರ್ಚ್ 29ರಂದು ಕಡತ ಕುಗ್ಗಿಸುವ ಎಕ್ಸ್‌ಜೆಡ್ ಸಾಫ್ಟ್‌ವೇರ್‌ನಲ್ಲಿ ಗುಟ್ಟಾಗಿ ಇಟ್ಟಿದ್ದ ಕಳ್ಳಬಾಗಿಲನ್ನು ಬಯಲು ಮಾಡಿದವರು ಅವರೇ. ದೂರದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನವಾಗಿದೆ ಅಂತ ಬೆನ್ನುಹತ್ತಿ ಹೋದರು.

ಹೆಸರು ಒಬ್ಬರ ಹತ್ತಿರ ಇದ್ದರೆ

ಫೋರ್ಕ್ ಇಲ್ಲದೆಯೂ ರಾಜಕೀಯ ಮೈಮೇಲೆ ಬರಬಹುದು. ಕನ್ನಡದ ಎಷ್ಟೋ ಸೈಟುಗಳು ನಿಂತಿರುವುದು ವರ್ಡ್‌ಪ್ರೆಸ್ ಮೇಲೆ. ಅದರ ಕೋಡು ಜಿಪಿಎಲ್, ಯಾರೂ ಕಸಿಯಲಾರರು. ಆದರೆ ಪ್ಲಗಿನ್ ಮತ್ತು ಅಪ್‌ಡೇಟ್ ಬರುವ ವರ್ಡ್‌ಪ್ರೆಸ್ ಡಾಟ್ ಆರ್ಗ್ ಸೈಟು ತಮ್ಮ ಸ್ವಂತದ್ದು ಅಂತ ವರ್ಡ್‌ಪ್ರೆಸ್ ಶುರು ಮಾಡಿದವರಲ್ಲಿ ಒಬ್ಬರಾದ ಮ್ಯಾಟ್ ಮುಲೆನ್‌ವೆಗ್ ಅವರೇ ಹೇಳಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಅವರಿಗೂ ಡಬ್ಲ್ಯುಪಿ ಎಂಜಿನ್ ಅನ್ನುವ ಹೋಸ್ಟಿಂಗ್ ಕಂಪನಿಗೂ ಟ್ರೇಡ್‌ಮಾರ್ಕ್ ಜಗಳ ಹತ್ತಿತು. ಆ ಕಂಪನಿಯ ಸರ್ವರ್‌ಗಳಿಗೆ ಅಪ್‌ಡೇಟ್ ನಿಂತಿತು. ಅವರ ಜನಪ್ರಿಯ ಪ್ಲಗಿನ್ ಒಂದನ್ನು ಸೈಟಿನಲ್ಲಿ ವಶಕ್ಕೆ ತೆಗೆದುಕೊಂಡು ಬೇರೆ ಹೆಸರಿಟ್ಟರು. ಲಾಗಿನ್ ಆಗಬೇಕಾದರೆ 'ನನಗೂ ಡಬ್ಲ್ಯುಪಿ ಎಂಜಿನ್‌ಗೂ ಸಂಬಂಧವಿಲ್ಲ' ಅಂತ ಟಿಕ್ ಹಾಕಬೇಕಾಯಿತು. ಡಿಸೆಂಬರ್‌ನಲ್ಲಿ ಅಮೆರಿಕದ ಕೋರ್ಟು ತಡೆಯಾಜ್ಞೆ ಕೊಟ್ಟ ಮೇಲೆ ಆ ಟಿಕ್ ಹೋಯಿತು, ಆ ಜಾಗಕ್ಕೆ ಪಿಜ್ಜಾ ಮೇಲೆ ಅನಾನಸ್ ರುಚಿ ಅಂತ ಒಪ್ಪಿಕೊಳ್ಳುವ ಟಿಕ್ ಬಂತು. ತಮಾಷೆ ಅಲ್ಲ, ನಿಜವಾಗಲೂ.

ಇದಕ್ಕೆ ಹೆದರಿ ವರ್ಡ್‌ಪ್ರೆಸ್ ಬಿಡಬೇಕಿಲ್ಲ. ಪ್ಲಗಿನ್‌ಗಳ ಪಟ್ಟಿ ಚಿಕ್ಕದಿರಲಿ, ಜಿಪ್ ಕಡತಗಳ ಪ್ರತಿ ನಿಮ್ಮ ಹತ್ತಿರ ಇರಲಿ, ಸೈಟಿನ ಬ್ಯಾಕಪ್ ಹೋಸ್ಟಿಂಗ್‌ನವರ ಹತ್ತಿರ ಮಾತ್ರ ಇರದಿರಲಿ.

ಅರ್ಧ ಗಂಟೆಯಲ್ಲಿ ಒಳಗಿನ ಹವಾ ತಿಳಿಯೋದು ಹೇಗೆ

ರಿಪೊ ಇಳಿಸಿಕೊಂಡು ಕಳೆದ ಒಂದು ವರ್ಷಕ್ಕೆ ಗಿಟ್ ಶಾರ್ಟ್‌ಲಾಗ್ ಓಡಿಸಿ, ಇಮೇಲ್ ವಿಳಾಸ ಕಾಣುವ ಹಾಗೆ. ಯಾರು ಎಷ್ಟು ಕಮಿಟ್ (ಕೋಡಿನಲ್ಲಿ ದಾಖಲಾದ ಬದಲಾವಣೆ) ಮಾಡಿದ್ದಾರೆ ಅಂತ ಸಾಲಾಗಿ ಬರುತ್ತದೆ. ಅಟ್ ಚಿಹ್ನೆಯ ಬಲಗಡೆ ನೋಡುತ್ತಾ ಹೋಗಿ. ಮೊದಲ ಹತ್ತರಲ್ಲಿ ಒಂಬತ್ತು ಒಂದೇ ಕಂಪನಿಯ ವಿಳಾಸವಾದರೆ ಅದು ಆ ಕಂಪನಿಯ ಸರಕು, ಕಮ್ಯುನಿಟಿ ಅನ್ನುವುದು ಬೋರ್ಡಿನ ಮೇಲಷ್ಟೇ. ಮೊದಲಿನವರೊಬ್ಬರೇ ಬಹುಪಾಲು ಮಾಡಿದ್ದರೆ ಅದು ಬೇರೆ ಥರದ ಅಪಾಯ. ಎಕ್ಸ್‌ಜೆಡ್‌ನಲ್ಲಿ ಆಗಿದ್ದು ಅದೇ. 2022ರಲ್ಲಿ ಅದರ ಏಕೈಕ ಮೇಂಟೇನರ್‌ಗೆ (ಕೋಡ್ ನೋಡಿಕೊಳ್ಳುವವರಿಗೆ) ಅಪರಿಚಿತ ಹೆಸರುಗಳಿಂದ, ಅದರಲ್ಲೊಂದು ನಮ್ಮ ದೇಶದವರ ಹೆಸರಿನ ಹಾಗೇ ಇತ್ತು, 'ನಿಮ್ಮಿಂದ ಆಗುತ್ತಿಲ್ಲ, ಬೇರೆಯವರಿಗೆ ಬಿಡಿ' ಅಂತ ಒತ್ತಡ ಬಂತು. ನೆರವಿಗೆ ಬಂದ ಹಾಗೆ ಬಂದವನೇ 2024ರಲ್ಲಿ 5.6.0 ಮತ್ತು 5.6.1ರಲ್ಲಿ ಕಳ್ಳಬಾಗಿಲು ಇಟ್ಟ.

ಆಮೇಲೆ ಸೇರಿಸಿಕೊಳ್ಳದೆ ಮುಚ್ಚಿದ ಪುಲ್ ರಿಕ್ವೆಸ್ಟ್‌ಗಳನ್ನು (ನಮ್ಮ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗಳು) ಓದಿ. ಸ್ವೀಕರಿಸಿದ ಕಡೆ ಎಲ್ಲರೂ ಒಳ್ಳೆಯವರೇ. ಬೇಡ ಅನ್ನುವಾಗ ಕಾರಣ ಕೊಡುತ್ತಾರಾ, ಹೊಸಬರನ್ನು ಗದರುತ್ತಾರಾ, ತಿಂಗಳುಗಟ್ಟಲೆ ಉತ್ತರವೇ ಇಲ್ಲವಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಒಳಗಿನ ಜಗಳ ಕಂಡರೆ ಗಾಬರಿ ಬೇಡ. ಕೋಡ್ ಶೈಲಿ, ನಡತೆಯ ನಿಯಮ, ಯಾವ ಭಾಷೆಯಲ್ಲಿ ಬರೆಯಬೇಕು, ಇಂಥ ಜಗಳ ಬದುಕಿರುವ ಎಲ್ಲ ಕಡೆ ಇರುತ್ತದೆ. ಟ್ರೇಡ್‌ಮಾರ್ಕ್, ಡೊಮೈನ್, ರಿಲೀಸ್ ಮಾಡುವ ಕೀಲಿ ಇವುಗಳ ಬಗ್ಗೆ ಜಗಳ ಕಂಡರೆ ಕಿವಿ ನಿಮಿರಬೇಕು.

ನೀವೂ ಒಳಗೆ ಹೋಗಬೇಕು ಅಂತಿದ್ದರೆ ಒಂದು ವಿಷಯ ಗೊತ್ತಿರಲಿ. ನಮ್ಮ ದೇಶದಿಂದ ಬರುವ ಹೊಸಬರ ಬಗ್ಗೆ ಮೇಂಟೇನರ್‌ಗಳಿಗೆ ಸ್ವಲ್ಪ ಅನುಮಾನ ಇದೆ, ಅದಕ್ಕೆ ಕಾರಣವೂ ಇದೆ. ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ಆ ಟೀಶರ್ಟ್ ಆಸೆಗೆ, ಒಂದು ಯೂಟ್ಯೂಬ್ ಪಾಠ ನೋಡಿ, ಕಂಡಕಂಡ ಪ್ರಾಜೆಕ್ಟ್‌ಗಳ ರೀಡ್‌ಮಿ ಅನ್ನುವ ಪರಿಚಯದ ಕಡತದಲ್ಲಿ 'ಅದ್ಭುತ ಪ್ರಾಜೆಕ್ಟ್' ಅಂತ ಪದ ಸೇರಿಸಿ ಪುಲ್ ರಿಕ್ವೆಸ್ಟ್ ಕಳಿಸಿದವರು ತುಂಬಾ ಜನ. 2024ರಲ್ಲಿ ಎಕ್ಸ್‌ಪ್ರೆಸ್ ಪ್ರಾಜೆಕ್ಟ್‌ನಲ್ಲೂ ಹಾಗೇ ಆಯಿತು, ಪಾಠದ ಹೆಸರಿನಲ್ಲಿ ರೀಡ್‌ಮಿಗೆ ತಮ್ಮ ಹೆಸರು ಸೇರಿಸುವ ಮೆರವಣಿಗೆ. ಹಾಗಾಗಿ ಮೊದಲ ಪರಿಚಯ ಕೆಲಸದಿಂದ ಆಗಲಿ. ಯಾರೋ ಹಾಕಿದ ಬಗ್ ನಿಮ್ಮ ಯಂತ್ರದಲ್ಲೂ ಬರುತ್ತದಾ ಅಂತ ನೋಡಿ ಹೆಜ್ಜೆಹೆಜ್ಜೆಯಾಗಿ ಬರೆದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಜಗಳ ನಡೆಯುತ್ತಿರುವ ಇಶ್ಯೂನಲ್ಲಿ (ತೊಂದರೆ ಚರ್ಚಿಸುವ ಪುಟ) ಪ್ಲಸ್ ಒನ್ ಹಾಕುವುದು, 'ಏನಾಯಿತು, ಅಪ್‌ಡೇಟ್ ಇದೆಯಾ' ಅಂತ ಕೇಳುವುದು ಬೇಡ.

ಕಂಪನಿಯ ಪರವಾಗಿ ದುಡ್ಡು ಕೊಡುವ ಮನಸ್ಸಿದ್ದರೆ ನೇರ ಮೇಂಟೇನರ್‌ಗೆ ಕೊಡಿ. ನಮ್ಮ ಬೆಂಗಳೂರಿನ ಝೆರೋಧಾ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ಒಂದು ನಿಧಿಯನ್ನು ಇದಕ್ಕೇ ಅಂತ ಇಟ್ಟಿತು, ಪ್ರಾಜೆಕ್ಟ್‌ನವರು ಅರ್ಜಿ ಹಾಕಬಹುದು.

ವೋಟು ಬೇಕು ಅನ್ನುವವರಿಗೆ ಕೋಡೇ ಬರೆಯಬೇಕು ಅಂತಿಲ್ಲ. ಡಾಕ್ಯುಮೆಂಟ್ ಫೌಂಡೇಶನ್‌ನಲ್ಲಿ ಕನಿಷ್ಠ ಮೂರು ತಿಂಗಳು ಗುರುತಿಸುವಂಥ ಕೆಲಸ ಮಾಡಿ, ಇನ್ನೂ ಆರು ತಿಂಗಳು ಮಾಡುತ್ತೇನೆ ಅಂತ ಒಪ್ಪಿಕೊಂಡರೆ ಸದಸ್ಯತ್ವಕ್ಕೆ ಅರ್ಜಿ ಹಾಕಬಹುದು. ನಿರ್ದೇಶಕ ಮಂಡಳಿಯನ್ನು ಆರಿಸುವುದು ಸದಸ್ಯರೇ. ಅನುವಾದವೂ ಕೆಲಸವೇ. ಲಿಬ್ರೆಆಫೀಸ್‌ನ ಕನ್ನಡ ಅನುವಾದ ನಡೆಯುವುದು ವೆಬ್‌ಲೇಟ್ ಅನ್ನುವ ಅನುವಾದದ ಸೈಟಿನಲ್ಲಿ, ಅದಕ್ಕೆ ಬ್ರೌಸರ್ ಸಾಕು. ಮೆನುವಿನಲ್ಲಿ ಓದಲಾಗದ ಕನ್ನಡ ಕಂಡು ಗೊಣಗಿದ್ದವರು ಅಲ್ಲಿ ಖಾತೆ ತೆರೆದು ತಿದ್ದುಪಡಿ ಸೂಚಿಸಬಹುದು.